ಕಬ್ಬಿನ ತೂಕ ಫೋನಿಗೆ ಬಂತು, ಸಿಪ್ಪೆಯ ಲೆಕ್ಕ ಎಲ್ಲಿ?

ಹೋದ ವಾರ ಊರಿಗೆ ಹೋಗಿದ್ದೆ. ಮಂಡ್ಯದ ಹತ್ತಿರವೇ, ವಿ.ಸಿ. ನಾಲೆ ಪಕ್ಕ. ಚಿಕ್ಕಪ್ಪ ಜಗುಲಿ ಮೇಲೆ ಫೋನ್ ಹಿಡಿದು ಸಕ್ಕರೆ ಕಾರ್ಖಾನೆಯಿಂದ ಬರುವ ಕಬ್ಬು ಕಟಾವಿನ ಮೆಸೇಜಿಗೆ ಕಾಯುತ್ತಾ ಕೂತಿದ್ದರು. ಮೊದಲಾದರೆ ಕಾರ್ಖಾನೆಯ ಫೀಲ್ಡ್‌ಮ್ಯಾನ್ ಹಿಂದೆ ಸುತ್ತಬೇಕಿತ್ತು. ಈಗ ಸರ್ವೆ ನಂಬರು, ನಾಟಿ ಹಾಕಿದ ದಿನ, ತೂಕ ಎಲ್ಲವೂ ಕಾರ್ಖಾನೆಯ ಕಂಪ್ಯೂಟರಿನಲ್ಲಿದೆ. ಒಳ್ಳೆಯದೇ, ಯಾಕಂದರೆ ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯದಿದ್ದರೆ ಒಣಗಿ ತೂಕ ಕಮ್ಮಿಯಾಗುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಆದರೂ ಹೋದ ವರ್ಷ ನಮ್ಮ ಟ್ರ್ಯಾಕ್ಟರ್ ಕಾರ್ಖಾನೆ ಮುಂದೆ ಎರಡು ರಾತ್ರಿ ನಿಂತಿತ್ತು. ಮೆಸೇಜ್ ಮಾತ್ರ ಸರಿಯಾದ ಟೈಮಿಗೆ ಬಂದಿತ್ತು!

ಆಫೀಸಿನಲ್ಲಿ ಯಾರಾದರೂ ಸರ್ಕ್ಯುಲರ್ ಎಕಾನಮಿ (ಏನನ್ನೂ ಬಿಸಾಡದೆ ಮತ್ತೆ ಮತ್ತೆ ಬಳಸುವುದು) ಅಂತ ಪಿಪಿಟಿ ತೋರಿಸಿದಾಗಲೆಲ್ಲ ನನಗೆ ತಾತನ ಆಲೆಮನೆ ನೆನಪಾಗುತ್ತದೆ. ಗಾಣದಲ್ಲಿ ಕಬ್ಬಿನ ಹಾಲು ಹಿಂಡಿ ಉಳಿದ ಸಿಪ್ಪೆಯನ್ನು ಬಯಲಲ್ಲಿ ಒಣಗಿಸಿ, ಅದನ್ನೇ ಕೊಪ್ಪರಿಗೆ ಕೆಳಗಿನ ಒಲೆಗೆ ತುರುಕುತ್ತಿದ್ದರು. ಸೋಗೆ ದನಕ್ಕೆ, ಬೂದಿ ತಿಪ್ಪೆಗೆ, ತಿಪ್ಪೆ ಮತ್ತೆ ಗದ್ದೆಗೆ. (ಈಗ ಕೆಲವು ಕಡೆ ಟೈರು, ಪ್ಲಾಸ್ಟಿಕ್ಕು ಉರಿಸುವುದೂ ಉಂಟು, ಆ ಹೊಗೆ ಬೇಡಪ್ಪಾ.)

ಕಾರ್ಖಾನೆ ಮಾಡುವುದೂ ಇದನ್ನೇ, ದೊಡ್ಡ ಅಳತೆಯಲ್ಲಿ. ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಸಕ್ಕರೆ, 300 ಕೆ.ಜಿ. ಹತ್ತಿರ ಹಸಿ ಸಿಪ್ಪೆ, 40 ಕೆ.ಜಿ. ಆಸುಪಾಸು ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ), ಮೇಲೊಂದಿಷ್ಟು ಮಡ್ಡಿ (ಹಾಲು ಸೋಸಿದಾಗ ಉಳಿಯುವ ಕೆಸರು). ಸಿಪ್ಪೆ ಉರಿಸಿ ಕರೆಂಟ್ ಮಾಡಿ ಮಾರುತ್ತಾರೆ, ಮಡ್ಡಿ ಗೊಬ್ಬರವಾಗುತ್ತದೆ, ಕಾಕಂಬಿ ಎಥೆನಾಲ್ ಆಗಿ ನಮ್ಮ ಬೈಕಿನ ಪೆಟ್ರೋಲಿಗೇ ಬಂದು ಸೇರುತ್ತದೆ.

ರೈತನಿಗೆ? ಕೇಂದ್ರ ನಿಗದಿ ಮಾಡಿದ 2025-26ರ ದರ ಶೇ. 10.25 ಇಳುವರಿಗೆ (ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) ಕ್ವಿಂಟಲ್‌ಗೆ 355 ರೂಪಾಯಿ. ಸಿಪ್ಪೆ, ಕಾಕಂಬಿ, ಮಡ್ಡಿಯ ಆದಾಯವನ್ನೂ ಸೇರಿಸಿ ಅದರಲ್ಲಿ ಶೇ. 70 ರೈತನಿಗೆ ಹೋಗಲಿ ಅಂತ ಸಕ್ಕರೆ ಉದ್ಯಮದ ಬಗ್ಗೆ ಕೇಂದ್ರ ನೇಮಿಸಿದ್ದ ರಂಗರಾಜನ್ ಸಮಿತಿ 2012ರಲ್ಲೇ ಹೇಳಿತ್ತು. ನನ್ನ ತಕರಾರು ಇಷ್ಟೇ. ನಮ್ಮ ಗದ್ದೆಯ ಪೂರ್ತಿ ಜಾತಕ ಅವರ ಕಂಪ್ಯೂಟರಿನಲ್ಲಿದೆ, ಆದರೆ ನಮ್ಮ ಕಬ್ಬಿಗೆ ಇಳುವರಿ ಎಷ್ಟು ಬಂತು, ಸಿಪ್ಪೆಯಿಂದ ಎಷ್ಟು ಯೂನಿಟ್ ಕರೆಂಟ್ ಆಯ್ತು ಅಂತ ಚಿಕ್ಕಪ್ಪನ ಫೋನಿಗೆ ಬರುವುದಿಲ್ಲ. ತೂಕದ ಮೆಸೇಜ್ ಕಳಿಸುವವರಿಗೆ ಇದೇನು ಕಷ್ಟದ ಕೆಲಸ ಅಲ್ಲ, ಅಲ್ವಾ?

ಚಿಕ್ಕಪ್ಪನಿಗೂ ಇದನ್ನೇ ಹೇಳಿದೆ. "ಅದಿರ್ಲಿ ಮಗ, ಮೊದ್ಲು ಕಟಾವಿನ ಮೆಸೇಜ್ ಬರ್ಲಿ" ಅಂದು ಫೋನನ್ನು ಚಾರ್ಜಿಗೆ ಹಾಕಿದರು.