ಬೈಕಿನಲ್ಲಿ ಕರ್ನಾಟಕದ ಗಡಿ ಸುತ್ತುವವರಿಗೆ: ಕಿಲೋಮೀಟರ್ ಲೆಕ್ಕ ಬಿಡಿ, ಬೆಳಕಿನ ಲೆಕ್ಕ ಹಾಕಿ

ಕರ್ನಾಟಕದ ಗಡಿಗುಂಟ ಬೈಕಿನಲ್ಲಿ ಒಂದು ಸುತ್ತು ಹಾಕಲು ಸುಮಾರು 2,700 ಕಿ.ಮೀ. ಆಗುತ್ತದೆ. ಆರು ರಾಜ್ಯಗಳ ಗಡಿ, ಒಂದು ಕಡೆ ಸಮುದ್ರ. ನಾನು ಹೋದ ದಾರಿ ಹೀಗಿತ್ತು: ಮುಳಬಾಗಿಲು, ಬಾಗೇಪಲ್ಲಿ, ಗೌರಿಬಿದನೂರು, ಪಾವಗಡ, ಬಳ್ಳಾರಿ, ರಾಯಚೂರು, ಯಾದಗಿರಿ, ಸೇಡಂ, ಚಿಂಚೋಳಿ, ಬೀದರ್, ಔರಾದ್. ಅಲ್ಲಿಂದ ತಿರುಗಿ ಬಸವಕಲ್ಯಾಣ, ಆಳಂದ, ಅಫಜಲಪುರ, ಇಂಡಿ, ವಿಜಯಪುರ, ಅಥಣಿ, ನಿಪ್ಪಾಣಿ, ಬೆಳಗಾವಿ. ಆಮೇಲೆ ಜೋಯಿಡಾ ಕಾಡು ಇಳಿದು ಕಾರವಾರ, ಕರಾವಳಿಯುದ್ದಕ್ಕೂ ಮಂಗಳೂರು, ಮತ್ತೆ ಘಟ್ಟ ಹತ್ತಿ ಮಡಿಕೇರಿ, ಕುಟ್ಟ, ಎಚ್.ಡಿ. ಕೋಟೆ, ಗುಂಡ್ಲುಪೇಟೆ, ಮಲೆ ಮಹದೇಶ್ವರ ಬೆಟ್ಟ, ಆನೇಕಲ್, ಕೆಜಿಎಫ್, ಪುನಃ ಮುಳಬಾಗಿಲು.

ದೂರದ ಸವಾರಿ ಅಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಅಮೆರಿಕದ ಐರನ್ ಬಟ್ ಅಸೋಸಿಯೇಷನ್‌ನ ಸ್ಯಾಡಲ್‌ಸೋರ್ ಸವಾಲು. 24 ಗಂಟೆಯಲ್ಲಿ 1,000 ಮೈಲಿ, ಅಂದರೆ ಸುಮಾರು 1,610 ಕಿ.ಮೀ. ಓಡಿಸಬೇಕು. ನಾಲ್ಕು ಪಥದ ಹೆದ್ದಾರಿಯಲ್ಲಿ ಅದು ಮಾಡುವವರಿದ್ದಾರೆ, ಸಂತೋಷ. ಆ ಲೆಕ್ಕವನ್ನು ಗಡಿ ಸುತ್ತಿಗೆ ತರಬೇಡಿ. ಇಲ್ಲಿ ಹೆಚ್ಚಿನದೆಲ್ಲ ತಾಲ್ಲೂಕು ರಸ್ತೆ. ಹಂಪು, ಊರು, ಸಂತೆ, ಎಮ್ಮೆ. ಗಂಟೆಗೆ 40 ಕಿ.ಮೀ. ಸರಾಸರಿ ಬಂದರೆ ಖುಷಿಪಡಿ. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೆಲ್ಲ ಕತ್ತಲಾಗುತ್ತದೆ. ಹಾಗಾಗಿ ಇವತ್ತು ಎಷ್ಟು ದೂರ ಅಂತ ಕೇಳಿಕೊಳ್ಳುವುದಕ್ಕಿಂತ ಐದು ಗಂಟೆಗೆ ಎಲ್ಲಿರುತ್ತೇನೆ ಅಂತ ಕೇಳಿಕೊಳ್ಳುವುದು ಒಳ್ಳೆಯದು. ದಿನಕ್ಕೆ 300 ಕಿ.ಮೀ. ಮೀರದಂತೆ, ಒಂದು ದಿನ ಸುಮ್ನೆ ಎಲ್ಲಾದರೂ ಉಳಿಯುವಂತೆ, ಹತ್ತು ದಿನ ಕೈಯಲ್ಲಿಟ್ಟುಕೊಂಡು ಹೊರಡಿ.

ಹೊರಡುವ ಮುಂಚೆ ನಿಮ್ಮ ನಿಯಮ ಏನು ಅಂತ ತೀರ್ಮಾನ ಮಾಡಿಕೊಳ್ಳಿ. ಗಡಿ ದಾಟಲೇಬಾರದು ಅಂತ ಹಟ ಹಿಡಿದರೆ ಸುತ್ತು ಮುಗಿಯುವುದಿಲ್ಲ. ಪಾವಗಡವನ್ನು ಆಂಧ್ರ ಮುಕ್ಕಾಲು ಪಾಲು ಸುತ್ತುವರಿದಿದೆ, ಮಧುಗಿರಿಯಿಂದ ಅಲ್ಲಿಗೆ ಹೋಗುವಾಗಲೇ ನಡುವೆ ಆಂಧ್ರ ಬಂದು ಹೋಗುತ್ತದೆ. ರಾಯಚೂರಿನಿಂದ ಯಾದಗಿರಿಗೆ ನೇರ ಹೋಗಬೇಕಾದರೆ ಶಕ್ತಿನಗರದ ಹತ್ತಿರ ಕೃಷ್ಣಾ ನದಿ ದಾಟಿ ಸ್ವಲ್ಪ ದೂರ ತೆಲಂಗಾಣದಲ್ಲಿ ಓಡಿಸಬೇಕು. ನನ್ನ ನಿಯಮ ಸರಳ: ಪಕ್ಕದ ರಾಜ್ಯದ ರಸ್ತೆ ಬಳಸಬಹುದು, ಆದರೆ ಅಲ್ಲಿ ರಾತ್ರಿ ಉಳಿಯುವಂತಿಲ್ಲ, ಪೆಟ್ರೋಲ್ ಹಾಕಿಸುವಂತಿಲ್ಲ. ಗಡಿಗೆ ಹತ್ತಿರದ ತಾಲ್ಲೂಕು ಕೇಂದ್ರವನ್ನು ಮುಟ್ಟಲೇಬೇಕು.

ಮುಟ್ಟಿದ್ದಕ್ಕೆ ಗುರುತು ಬೇಕಲ್ವಾ? ಅದಕ್ಕೆ ಬಸ್ ಸ್ಟ್ಯಾಂಡ್‌ಗಿಂತ ಒಳ್ಳೆಯ ಜಾಗ ಇಲ್ಲ. ದೊಡ್ಡ ಅಕ್ಷರದಲ್ಲಿ ಊರ ಹೆಸರಿರುತ್ತದೆ. ದಾರಿ ತಪ್ಪಿದರೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಒಳಗೆ ಶೌಚಾಲಯ, ನೀರು, ಕ್ಯಾಂಟೀನ್ ಇರುತ್ತದೆ. ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗಂತೂ ಇದು ದೊಡ್ಡ ಅನುಕೂಲ. ಬಸ್ಸಿನ ಮೈಮೇಲಿನ ಹೆಸರು ಕೆಎಸ್‌ಆರ್‌ಟಿಸಿಯಿಂದ ಕಲ್ಯಾಣ ಕರ್ನಾಟಕಕ್ಕೆ, ಅಲ್ಲಿಂದ ವಾಯವ್ಯ ಕರ್ನಾಟಕಕ್ಕೆ ಬದಲಾಗುವುದನ್ನು ನೋಡುತ್ತಾ ಹೋದರೆ ಎಷ್ಟು ದೂರ ಬಂದಿದ್ದೇವೆ ಅನ್ನುವುದೂ ಗೊತ್ತಾಗುತ್ತದೆ. ಬಂಕಿನ ಬಿಲ್ಲು ಎತ್ತಿಟ್ಟುಕೊಳ್ಳಿ. ಊರು, ದಿನ, ಸಮಯ ಮೂರೂ ಅದರಲ್ಲಿರುತ್ತದೆ.

ಕಾಲ ನವೆಂಬರ್‌ನಿಂದ ಫೆಬ್ರವರಿ, ಅಷ್ಟೇ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ, ಜಾಕೆಟ್ ಒಳಗೆ ಬೆಂದುಹೋಗುತ್ತೀರಿ. ಜುಲೈನಲ್ಲಿ ಘಟ್ಟದ ಕಡೆ ತಲೆ ಹಾಕಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಪಕ್ಕದ ಚಹಾದಂಗಡಿಯೇ ಮಣ್ಣಾದದ್ದು ನಿಮಗೂ ನೆನಪಿರಬಹುದು.

ಆದರೆ ಈ ಒಳ್ಳೆಯ ಕಾಲಕ್ಕೂ ಒಂದು ತೊಂದರೆ ಇದೆ. ಅದು ಸುಗ್ಗಿಯ ಕಾಲ. ಕೋಲಾರದಿಂದ ಪಾವಗಡದವರೆಗೆ ಟಾರು ರಸ್ತೆಯೇ ಕಣ. ರಾಗಿ, ಹುರುಳಿ ತಂದು ರಸ್ತೆಗೆ ಹರವುತ್ತಾರೆ, ಹೋಗುವ ಗಾಡಿಗಳೇ ಒಕ್ಕಣೆ ಮಾಡಿಕೊಡಬೇಕು. ಕಾರಿನವರು ಮೇಲೆ ಹತ್ತಿಸಿಕೊಂಡು ಹೋಗುತ್ತಾರೆ ಅಂತ ನೀವೂ ಹೋಗಬೇಡಿ. ಒಣಗಿದ ಹುರುಳಿ ಬಳ್ಳಿ ಹಿಂದಿನ ಚಕ್ರಕ್ಕೆ, ಚೈನಿಗೆ ಸುತ್ತಿಕೊಳ್ಳುತ್ತದೆ. ಕೆಳಗೆ ಉದುರಿದ ಕಾಳಿನ ಮೇಲೆ ಬ್ರೇಕ್ ಹಿಡಿದರೆ ಟೈರ್ ನಿಲ್ಲುವುದಿಲ್ಲ. ವೇಗ ಇಳಿಸಿ, ಬ್ರೇಕ್ ಮುಟ್ಟದೆ ನೇರ ದಾಟಿ, ಅಥವಾ ಪಕ್ಕದ ಮಣ್ಣಿಗೆ ಇಳಿಯಿರಿ. ಕತ್ತಲಾದ ಮೇಲೆ ರಾಶಿಯ ಸುತ್ತ ಇಟ್ಟ ಕಲ್ಲುಗಳು ಹಾಗೇ ಉಳಿದಿರುತ್ತವೆ, ರಾಗಿಗಿಂತ ಅವೇ ಅಪಾಯ. ಸಿರುಗುಪ್ಪ, ಸಿಂಧನೂರು ಕಡೆ ಇದೇ ಕಥೆ, ರಾಗಿಯ ಬದಲು ಭತ್ತ.

ಪಾವಗಡದ ತಿರುಮಣಿ ಸೋಲಾರ್ ಪಾರ್ಕ್ ದಾರಿಯಲ್ಲೇ ಇದೆ. 13,000 ಎಕರೆಯಷ್ಟು ಜಾಗ, 2,050 ಮೆಗಾವ್ಯಾಟ್. ಎರಡು ಪಕ್ಕದಲ್ಲೂ ಬರೀ ಫಲಕಗಳೇ. ಐದು ನಿಮಿಷ ನೋಡಿ, ಮುಂದೆ ಹೋಗಿ. ಸೇಡಂನಲ್ಲಿ ಸಿಮೆಂಟ್ ಲಾರಿಗಳ ದೂಳಿರುತ್ತದೆ, ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳಿ. ಅದು ದಾಟಿದ ಮೇಲೆ ಚಿಂಚೋಳಿಯ ಕಾಡು ಬಂದಾಗ ನಿಮಗೇ ಆಶ್ಚರ್ಯವಾಗುತ್ತದೆ. ಬಿಸಿಲುನಾಡಿನಲ್ಲಿ ಇಷ್ಟು ಮರ ಇದೆ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿರುವುದಿಲ್ಲ.

ಬೀದರಿನಲ್ಲಿ ಒಂದು ರಾತ್ರಿ ಇರಿ. ಕೋಟೆ ನೋಡಲು ಅರ್ಧ ದಿನ ಬೇಕು. ಸಿಖ್ಖರ ಗುರುದ್ವಾರ ಗುರುನಾನಕ್ ಝೀರಾದ ಲಂಗರಿನಲ್ಲಿ, ಅಂದರೆ ಅವರ ಸಾಮೂಹಿಕ ಊಟದಲ್ಲಿ, ಯಾರು ಹೋದರೂ ಊಟ ಇದೆ, ತಲೆಗೆ ಒಂದು ಬಟ್ಟೆ ಕಟ್ಟಿಕೊಂಡು ಪಂಕ್ತಿಯಲ್ಲಿ ಕುಳಿತರೆ ಆಯ್ತು. ಬೆಳಗಿನ ಜಾವ ಇಲ್ಲಿ ಬೆಂಗಳೂರಿಗಿಂತ ಚಳಿ ಜಾಸ್ತಿ, ಕೈಗವಸು ಮರೆಯಬೇಡಿ. ಔರಾದಿನಲ್ಲಿ ಚಹಾ ಕುಡಿಯುತ್ತಿದ್ದಾಗ ಒಬ್ಬ ಹಿರಿಯರು ನಂಬರ್ ಪ್ಲೇಟ್ ನೋಡಿ, "ಬೆಂಗಳೂರಿಂದ ಗಾಡಿ ಮ್ಯಾಲೇ ಬಂದೀರೇನ್ರಿ? ಯಾಕ್ರೀ, ಬಸ್ ಸಿಗಲಿಲ್ಲೇನು?" ಅಂದರು. ಗಡಿ ಸುತ್ತುತ್ತಿದ್ದೇನೆ ಅಂದೆ. "ಸುತ್ತಿ ಏನ್ ಮಾಡ್ತೀರಿ?" ಅಂದರು. ಉತ್ತರ ಹೊಳೆಯಲಿಲ್ಲ. ಚಹಾದ ದುಡ್ಡು ಅವರೇ ಕೊಟ್ಟರು.

ಇಲ್ಲಿಂದ ಬೆಳಗಾವಿವರೆಗಿನ ಭಾಗವನ್ನು ನಾನು ಎಲ್ಲಕ್ಕಿಂತ ಕಷ್ಟದ್ದು ಅನ್ನುತ್ತೇನೆ. ಘಟ್ಟ ಅಲ್ಲ, ಕಾಡು ಅಲ್ಲ, ಸಪಾಟು ನೆಲ. ಆದರೂ. ಮೊದಲನೆಯದು ಸೂರ್ಯ. ಪಶ್ಚಿಮಕ್ಕೆ ಹೋಗುತ್ತಿರುತ್ತೀರಿ, ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಕಣ್ಣಿಗೆ. ಎರಡನೆಯದು ಕಬ್ಬು. ಅಥಣಿ, ಚಿಕ್ಕೋಡಿ ಸುತ್ತ ಸಕ್ಕರೆ ಕಾರ್ಖಾನೆಗಳು ಅರೆಯುವ ಹೊತ್ತು ಇದೇ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಅದರ ಮೇಲೆ ಎರಡಾಳೆತ್ತರ ಕಬ್ಬು. ಹಿಂದೆ ದೀಪ ಇರುವುದಿಲ್ಲ, ಎಷ್ಟೋ ಸಲ ರಿಫ್ಲೆಕ್ಟರ್ ಪಟ್ಟಿಯೂ ಇರುವುದಿಲ್ಲ. ಕಬ್ಬಿನ ತುದಿ ರಸ್ತೆಯ ನಡುವಿನವರೆಗೆ ಚಾಚಿಕೊಂಡಿರುತ್ತದೆ. ಹಾಡು ಮಾತ್ರ ಎರಡು ಊರಿಗೆ ಕೇಳುವಷ್ಟು ಜೋರು. ಅಂದರೆ ಚಾಲಕನಿಗೆ ನಿಮ್ಮ ಹಾರ್ನ್ ಕೇಳುವುದಿಲ್ಲ. ಓವರ್‌ಟೇಕ್ ಮಾಡುವಾಗ ಮೊದಲ ಟ್ರೇಲರ್ ದಾಟಿದರೆ ಮುಗಿಯಿತು ಅಂದುಕೊಳ್ಳಬೇಡಿ, ಮುಂದೆ ಇನ್ನೊಂದಿರುತ್ತದೆ. ಇಲ್ಲಿ ಬೆಳಿಗ್ಗೆ ಆರಕ್ಕೆ ಹೊರಟು ಮೂರಕ್ಕೆ ಗಾಡಿ ನಿಲ್ಲಿಸಿಬಿಡಿ. ಉಳಿದ ಹೊತ್ತಿಗೆ ವಿಜಯಪುರದ ಗೋಳಗುಮ್ಮಟ ಇದೆ.

ಊಟಕ್ಕೆ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಹೊಟ್ಟೆಗೂ ಹಿತ, ಜೇಬಿಗೂ ಹಿತ. ಆದರೆ ಮಧ್ಯಾಹ್ನ ಎರಡೇ ರೊಟ್ಟಿಗೆ ನಿಲ್ಲಿಸಿ, ಇಲ್ಲದಿದ್ದರೆ ಬಿಸಿಲಿಗೆ ಕಣ್ಣು ಎಳೆಯುತ್ತದೆ.

ಬೆಳಗಾವಿಯಿಂದ ಖಾನಾಪುರ, ಲೋಂಡಾ ಮೇಲೆ ಜೋಯಿಡಾ ತಾಲ್ಲೂಕಿನ ರಾಮನಗರಕ್ಕೆ ಬನ್ನಿ. ಅಲ್ಲೇ ಟ್ಯಾಂಕ್ ತುಂಬಿಸಿ. ಮುಂದೆ ಜೋಯಿಡಾ, ಅಣಶಿ, ಕದ್ರಾ ಎಲ್ಲ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆ. ಬಹಳ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಮ್ಯಾಪನ್ನು ಮೊದಲೇ ಇಳಿಸಿಕೊಂಡಿರಿ. ಅಣಶಿ ಘಟ್ಟದಲ್ಲಿ ಬೆಳಿಗ್ಗೆ ಹತ್ತರವರೆಗೂ ರಸ್ತೆ ಒದ್ದೆಯಿರುತ್ತದೆ, ತಿರುವುಗಳಲ್ಲಿ ಪಾಚಿಯೂ ಇರುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ. ಇಡೀ ಸುತ್ತಿನಲ್ಲಿ ಒಂದೇ ರಸ್ತೆಗೆ ಮತ್ತೊಮ್ಮೆ ಹೋಗು ಅಂದರೆ ನಾನು ಇಲ್ಲಿಗೇ ಬರುತ್ತೇನೆ. ಕಾರವಾರಕ್ಕೆ ಸದಾಶಿವಗಡದ ಕಡೆಯಿಂದ ಇಳಿದರೆ ಕಾಳಿ ಸೇತುವೆ ಸಿಗುತ್ತದೆ. ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿದ್ದಿತು.

ಕರಾವಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರವಾರದಿಂದ ಮಂಗಳೂರಿಗೆ ಸುಮಾರು 270 ಕಿ.ಮೀ., ಹೆದ್ದಾರಿ, ಊರೂರಿಗೂ ಮೀನೂಟ. ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರ್‌ಗಳ ಮೇಲೆ, ಹಿಂದಿನಿಂದ ಬರುವ ಖಾಸಗಿ ಬಸ್ಸುಗಳ ಮೇಲೆ ಕಣ್ಣಿಡಿ. ಸೆಕೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಬೇಕು.

ಸಂಪಾಜೆ ಘಟ್ಟ ಹತ್ತಿ ಮಡಿಕೇರಿ, ಅಲ್ಲಿಂದ ವಿರಾಜಪೇಟೆ, ಗೋಣಿಕೊಪ್ಪ, ಕುಟ್ಟ. ಇಲ್ಲಿಂದ ಮುಂದೆ ಗಡಿಯಾರ ನಿಮ್ಮ ಕೈಯಲ್ಲಿರುವುದಿಲ್ಲ, ಅರಣ್ಯ ಇಲಾಖೆಯ ಗೇಟಿನಲ್ಲಿರುತ್ತದೆ. ಎಚ್.ಡಿ. ಕೋಟೆಯಿಂದ ಕೇರಳ ಗಡಿಯ ಬಾವಲಿ ಕಡೆಯ ರಸ್ತೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಬಂದ್. ಬಂಡೀಪುರದ ಎರಡೂ ಹೆದ್ದಾರಿಗಳು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್, ಇದು 2009ರಿಂದ ಇದೆ. ಕುಟ್ಟದಿಂದ ನಾಗರಹೊಳೆ ಒಳಗೆ ನುಗ್ಗುವ ಆಸೆ ಆಗುತ್ತದೆ. ಬೇಡ. ಆನೆ ಎದುರಾದರೆ ಬೈಕಿನವರಿಗೆ ಮರೆಯೇ ಇಲ್ಲ. ಗೋಣಿಕೊಪ್ಪಕ್ಕೆ ವಾಪಸ್ ಬಂದು ತಿತಿಮತಿ, ಹುಣಸೂರು ಮೇಲೆ ಎಚ್.ಡಿ. ಕೋಟೆ ಸೇರಿ, ಸರಗೂರು ಮೇಲೆ ಗುಂಡ್ಲುಪೇಟೆಗೆ ಹೋಗಿ.

ಮಹದೇಶ್ವರ ಬೆಟ್ಟಕ್ಕೆ ಅಮಾವಾಸ್ಯೆ, ಹಬ್ಬದ ದಿನ ಹೋಗಬೇಡಿ, ಘಟ್ಟ ಪೂರ್ತಿ ಬಸ್ಸು ಮತ್ತು ಕಾಲ್ನಡಿಗೆಯ ಭಕ್ತರು. ವಾಪಸ್ ಕೊಳ್ಳೇಗಾಲ, ಕನಕಪುರ, ಆನೇಕಲ್, ಮಾಲೂರು. ಈ ಕಡೆಯ ಹೊಸ ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಬೈಕ್ ಹತ್ತಿಸುವಂತಿಲ್ಲ, ಮೈಸೂರು ಎಕ್ಸ್‌ಪ್ರೆಸ್‌ವೇಗೂ 2023ರ ಆಗಸ್ಟ್‌ನಿಂದ ಹತ್ತಿಸುವಂತಿಲ್ಲ. ಮ್ಯಾಪು ಅಲ್ಲಿಗೇ ಕರೆದೊಯ್ದರೆ ಮಾತು ಕೇಳಬೇಡಿ.

ಇನ್ನು ಗಾಡಿ. 150 ಸಿಸಿ ಸಾಕು, ದುಬಾರಿ ಬೈಕ್ ಬೇಕಿಲ್ಲ. ಸಣ್ಣ ಊರಿನ ಮೆಕ್ಯಾನಿಕ್ ಬಿಚ್ಚಬಲ್ಲ ಗಾಡಿಯೇ ಒಳ್ಳೆಯದು. ಆಯಿಲ್ ಬದಲಿಸಿ ಹೊರಡಿ. ಚೈನನ್ನು 500 ಕಿ.ಮೀ.ಗೊಮ್ಮೆ ಒರೆಸಿ ಸ್ಪ್ರೇ ಹೊಡೆಯಿರಿ, ಎರೆಮಣ್ಣಿನ ದೂಳು ಎಣ್ಣೆಗೆ ಅಂಟಿಕೊಂಡು ಚೈನನ್ನು ತಿನ್ನುತ್ತದೆ. ಒಂದು ಕ್ಲಚ್ ಕೇಬಲ್, ಪಂಚರ್ ಕಿಟ್, ಸಣ್ಣ ಪಂಪು ಇಟ್ಟುಕೊಳ್ಳಿ. ವಿಮೆ, ಹೊಗೆ ತಪಾಸಣೆ ಪತ್ರ ಡಿಜಿಲಾಕರ್‌ನಲ್ಲಿದ್ದರೂ ಒಂದು ಜೆರಾಕ್ಸ್ ಇರಲಿ, ನೆಟ್‌ವರ್ಕ್ ಇಲ್ಲದ ಕಡೆಯೇ ಚೆಕ್‌ಪೋಸ್ಟ್ ಇರುತ್ತದೆ.

ಅಷ್ಟು ರಜೆ ಸಿಗದವರು ಎರಡು ಕಂತಿನಲ್ಲಿ ಮಾಡಬಹುದು. ಮೊದಲು ಮುಳಬಾಗಿಲಿನಿಂದ ಔರಾದಿನವರೆಗೆ ಓಡಿಸಿ, ಬೀದರಿಗೆ ವಾಪಸ್ ಬಂದು ಬೈಕನ್ನು ರೈಲಿನಲ್ಲಿ ಪಾರ್ಸೆಲ್ ಮಾಡಿ, ನೀವೂ ಯಶವಂತಪುರದ ರೈಲು ಹತ್ತಿ. ಉಳಿದದ್ದು ಮುಂದಿನ ರಜೆಗೆ. ಪಾರ್ಸೆಲ್ ಆಫೀಸಿಗೆ ಹಿಂದಿನ ದಿನವೇ ಹೋಗಿ ವಿಚಾರಿಸಿ. ಆರ್‌ಸಿಯ ಜೆರಾಕ್ಸ್, ಗುರುತಿನ ಚೀಟಿ ಬೇಕು, ಗೋಣಿತಟ್ಟು ಸುತ್ತಿ ಪ್ಯಾಕ್ ಮಾಡಿಸಬೇಕು. ಪೆಟ್ರೋಲ್ ಪೂರ್ತಿ ತೆಗೆಸುತ್ತಾರೆ, ಹಾಗಾಗಿ ಔರಾದಿನಿಂದ ಬರುವಾಗ ಟ್ಯಾಂಕ್ ತುಂಬಿಸಬೇಡಿ.