‘ನನಗೆ ಮೊದಲೇ ಗೊತ್ತಿತ್ತು’

ಕೆಲವು ವರ್ಷಗಳ ಹಿಂದೆ ನನ್ನ ಆಪ್ತ ಗೆಳೆಯನೊಬ್ಬ ಭದ್ರವಾದ ನೌಕರಿ ಬಿಟ್ಟು ಸ್ವಂತ ಉದ್ಯಮ ಆರಂಭಿಸುವ ಮುನ್ನ ನನ್ನ ಅಭಿಪ್ರಾಯ ಕೇಳಿದ್ದ. ಎರಡೇ ವರ್ಷಗಳಲ್ಲಿ ಆ ಉದ್ಯಮ ಮುಚ್ಚಿತು. ಸುದ್ದಿ ತಿಳಿದ ಕ್ಷಣ ನನ್ನ ಮನಸ್ಸಿನಲ್ಲಿ ಮೂಡಿದ್ದು, ‘ಹೀಗಾಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು, ಎಚ್ಚರಿಸಿಯೂ ಇದ್ದೆ’ ಎಂಬ ಮಾತು. ಅವನನ್ನು ಸಮಾಧಾನಪಡಿಸುವಾಗಲೂ ಆ ಮಾತನ್ನು ಒಂದೆರಡು ಸಲ ಆಡಿದ್ದೆ. ಬಹಳ ದಿನಗಳ ಮೇಲೆ ಬೇರೇನನ್ನೋ ಹುಡುಕುತ್ತಿದ್ದಾಗ ಅಂದು ಅವನಿಗೆ ಬರೆದಿದ್ದ ಇಮೇಲ್ ಕಣ್ಣಿಗೆ ಬಿತ್ತು. ಅದರಲ್ಲಿ ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ. ‘ಹಿಂದೆಮುಂದೆ ನೋಡಬೇಡ, ನಿನ್ನಂಥವನಿಗೆ ಇದು ಖಂಡಿತ ಕೈಹಿಡಿಯುತ್ತದೆ’ ಎಂದು ನಾನೇ ಬರೆದಿದ್ದೆ. ಅದರ ಕೆಳಗೆ, ಅದೇ ಬಗೆಯ ಉದ್ಯಮದಲ್ಲಿ ಗೆದ್ದಿದ್ದ, ನಮ್ಮಿಬ್ಬರಿಗೂ ಪರಿಚಯವಿದ್ದ ಒಬ್ಬರ ಉದಾಹರಣೆಯಿತ್ತು.

ಆ ನಾಲ್ಕು ಸಾಲುಗಳಲ್ಲಿ ನನ್ನ ಮನಸ್ಸು ಹಿಡಿದ ಒಳದಾರಿಗಳು ಈಗ ಸ್ಪಷ್ಟವಾಗಿ ಕಾಣುತ್ತವೆ. ಗೆಳೆಯ ಕೇಳಿದ್ದು ‘ಈ ಉದ್ಯಮ ಉಳಿಯುವ ಸಾಧ್ಯತೆ ಎಷ್ಟು?’ ಎಂಬ ಕಷ್ಟದ ಪ್ರಶ್ನೆ. ನಾನು ಉತ್ತರಿಸಿದ್ದು ‘ಹೀಗೆ ಗೆದ್ದವರು ಯಾರಾದರೂ ನೆನಪಿಗೆ ಬರುತ್ತಾರೆಯೇ?’ ಎಂಬ ಸುಲಭದ ಪ್ರಶ್ನೆಗೆ. ಗೆದ್ದವರ ಕಥೆ ಎಲ್ಲರ ಬಾಯಲ್ಲಿರುತ್ತದೆ, ಸೋತವರು ಸದ್ದಿಲ್ಲದೆ ಬದಿಗೆ ಸರಿದಿರುತ್ತಾರೆ. ಆದ್ದರಿಂದ ನೆನಪಿಗೆ ಬರುವವರನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪದೆ ಇರಲಾರದು. ‘ನಿನ್ನಂಥವನಿಗೆ’ ಎಂಬ ಪದದಲ್ಲಿಯೂ ಇನ್ನೊಂದು ಒಳದಾರಿಯಿದೆ. ಯಶಸ್ವಿ ಉದ್ಯಮಿಯ ಬಗ್ಗೆ ನನ್ನ ಮನಸ್ಸಿನಲ್ಲಿದ್ದ ಚಿತ್ರವನ್ನು ಅವನು ಹೋಲುತ್ತಿದ್ದ. ಆ ಹೋಲಿಕೆಯನ್ನೇ ನಾನು ಸಾಧ್ಯತೆಯೆಂದು ಎಣಿಸಿದ್ದೆ. ಮನಶ್ಶಾಸ್ತ್ರಜ್ಞರಾದ ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ವಿವರಿಸಿದ ಮೂರು ಒಳದಾರಿಗಳಲ್ಲಿ ಇವೆರಡೂ ಸೇರಿವೆ. ಮೂರನೆಯದು, ಮೊದಲು ಕಿವಿಗೆ ಬಿದ್ದ ಅಂಕಿಗೆ ಅಂಟಿಕೊಂಡು ಅಂದಾಜು ಮಾಡುವುದು.

ಒಳದಾರಿಗಳೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಮನುಷ್ಯನ ಸಮಯ, ಮಾಹಿತಿ, ಯೋಚನಾಶಕ್ತಿ ಮೂರಕ್ಕೂ ಮಿತಿಯಿರುವುದರಿಂದ ಅವನು ಅತ್ಯುತ್ತಮವಾದುದನ್ನು ಹುಡುಕುತ್ತಾ ಕೂರದೆ ಸಾಕೆನಿಸುವಷ್ಟು ಒಳ್ಳೆಯದಕ್ಕೆ ತೃಪ್ತನಾಗುತ್ತಾನೆಂದು ಸಮಾಜವಿಜ್ಞಾನಿ ಹರ್ಬರ್ಟ್ ಸೈಮನ್ 1950ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಸಲಹೆಯ ತಪ್ಪಲ್ಲ, ಆ ತಪ್ಪನ್ನು ನನ್ನ ನೆನಪು ಅಳಿಸಿ ತಿದ್ದಿಬರೆದ ಬಗೆ. ಇದನ್ನು ಮೊದಲು ಕ್ರಮಬದ್ಧವಾಗಿ ಪರೀಕ್ಷಿಸಿದವರಲ್ಲಿ ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ ಪ್ರಮುಖರು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೊರಡುವ ಮೊದಲು, ಮಾವೋ ಅವರನ್ನು ಅವರು ಭೇಟಿಯಾಗುವರೇ ಎಂಬಂಥ ಹಲವು ಬೆಳವಣಿಗೆಗಳ ಸಾಧ್ಯತೆಯನ್ನು ಅಂದಾಜಿಸುವಂತೆ ವಿದ್ಯಾರ್ಥಿಗಳನ್ನು ಕೇಳಲಾಗಿತ್ತು. ಪ್ರವಾಸ ಮುಗಿದ ಮೇಲೆ, ‘ಆಗ ನೀವು ಕೊಟ್ಟಿದ್ದ ಅಂಕಿಗಳನ್ನು ನೆನಪಿಸಿಕೊಂಡು ಬರೆಯಿರಿ’ ಎಂದಾಗ, ನಿಜವಾಗಿ ನಡೆದ ಸಂಗತಿಗಳಿಗೆ ತಾವು ಮೊದಲೇ ಹೆಚ್ಚಿನ ಸಾಧ್ಯತೆ ಕೊಟ್ಟಿದ್ದೆವೆಂದು ಬಹುಪಾಲು ಮಂದಿ ನೆನಪಿಸಿಕೊಂಡರು. ಅವರು ಬೇಕೆಂದು ಸುಳ್ಳು ಹೇಳಿರಲಿಲ್ಲ. ಫಲಿತಾಂಶ ತಿಳಿದ ಮನಸ್ಸಿಗೆ, ತಿಳಿಯದಿದ್ದಾಗಿನ ಸ್ಥಿತಿಗೆ ಮರಳುವುದು ಅಷ್ಟು ಕಷ್ಟ. 1975ರಲ್ಲಿ ಪ್ರಕಟವಾದ ಫಿಶ್‌ಹಾಫ್ ಅವರ ಇನ್ನೊಂದು ಪ್ರಯೋಗದಲ್ಲಿ, ಬ್ರಿಟಿಷರಿಗೂ ಗೂರ್ಖರಿಗೂ 1814ರಲ್ಲಿ ಆರಂಭವಾದ ಯುದ್ಧದ ವಿವರಣೆಯನ್ನು ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಅಂತ್ಯಗಳೊಡನೆ ಕೊಡಲಾಯಿತು. ಪ್ರತಿಯೊಂದು ಗುಂಪೂ ತಾನು ಓದಿದ ಅಂತ್ಯವೇ ಮೊದಲಿನಿಂದಲೂ ಹೆಚ್ಚು ಸಂಭವನೀಯವಾಗಿತ್ತೆಂದು ಭಾವಿಸುವ ಕಡೆಗೆ ವಾಲಿತು.

ಇಮೇಲನ್ನು ಗೆಳೆಯನಿಗೆ ತೋರಿಸಿ ಕ್ಷಮೆ ಕೇಳಿದೆ. ಅವನು ಅದನ್ನು ಎರಡು ಬಾರಿ ಓದಿ, ‘ನೀನು ಬೇಡ ಅಂದಿದ್ದೆ ಅಂತಲೇ ನನಗೂ ನೆನಪು. ನಿನ್ನ ಮಾತು ಕೇಳಲಿಲ್ಲವಲ್ಲ ಎಂದು ಎಷ್ಟೋ ರಾತ್ರಿ ನೊಂದುಕೊಂಡಿದ್ದೇನೆ’ ಎಂದ. ನನ್ನ ತಪ್ಪು ನೆನಪಿನ ಭಾರವನ್ನು ಅಷ್ಟು ದಿನ ಅವನು ಹೊತ್ತಿದ್ದ.

ಫಲಿತಾಂಶ ತಿಳಿದ ಮೇಲೆ ‘ಮೊದಲೇ ಗೊತ್ತಿತ್ತು’ ಎನಿಸುವ ಈ ಪೂರ್ವಗ್ರಹ, ಅಂದರೆ ಯೋಚನೆಯ ಈ ವಾಲುವಿಕೆ, ಇತರ ಎಲ್ಲ ಪೂರ್ವಗ್ರಹಗಳಿಗಿಂತ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇದು ಉಳಿದವುಗಳ ಸಾಕ್ಷ್ಯವನ್ನೇ ಅಳಿಸಿಬಿಡುತ್ತದೆ. ತಪ್ಪು ಮಾಡಿದೆನೆಂದೇ ತಿಳಿಯದವನು ತಿದ್ದಿಕೊಳ್ಳುವುದಾದರೂ ಹೇಗೆ? ಇನ್ನೊಬ್ಬರನ್ನು ತೂಗುವಾಗಲಂತೂ ಇದು ಘೋರ ಅನ್ಯಾಯಕ್ಕೆ ದಾರಿಯಾಗುತ್ತದೆ. ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷೀ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯದ ಶಸ್ತ್ರಚಿಕಿತ್ಸೆಗೆ ಮುಂದಾದ ವೈದ್ಯರ ಒಂದೇ ನಿರ್ಧಾರವನ್ನು, ಅದೇ ಮಾಹಿತಿಯ ಆಧಾರದ ಮೇಲೆ, ರೋಗಿ ಬದುಕಿದನೆಂದು ಓದಿದವರು ಮೆಚ್ಚಿದಷ್ಟು ರೋಗಿ ಸತ್ತನೆಂದು ಓದಿದವರು ಮೆಚ್ಚಲಿಲ್ಲ. ಅಪಘಾತಗಳ ನಂತರದ ವಿಚಾರಣೆಗಳಲ್ಲಿ ‘ಇಷ್ಟೂ ತಿಳಿಯಲಿಲ್ಲವೇ?’ ಎಂಬ ಪ್ರಶ್ನೆ ಕೇಳಿಬಂದಾಗಲೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ. ಕೇಳುವವರ ಕೈಯಲ್ಲಿ ಉತ್ತರವಿರುತ್ತದೆ, ಆ ಹೊತ್ತಿನಲ್ಲಿ ನಿರ್ಧರಿಸಿದವರ ಕೈಯಲ್ಲಿ ಅದು ಇರಲಿಲ್ಲ.

ಈ ಪೂರ್ವಗ್ರಹಗಳ ಹೆಸರು ಕಲಿತ ಮಾತ್ರಕ್ಕೆ ಅವುಗಳಿಂದ ಪಾರಾಗುವುದಿಲ್ಲ. ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದಂತೆ, ಇಂಥ ಪೂರ್ವಗ್ರಹಗಳ ವಿವರಣೆಯನ್ನು ಓದಿದವರು ಅವು ತಮಗಿಂತ ಇತರರಲ್ಲಿಯೇ ಹೆಚ್ಚೆಂದು ತೀರ್ಮಾನಿಸಿದರು. ಆದ್ದರಿಂದ ನಾನು ನನ್ನ ಎಚ್ಚರವನ್ನು ನಂಬದೆ, ಬರವಣಿಗೆಯನ್ನು ನಂಬಿದ್ದೇನೆ. ದೊಡ್ಡ ನಿರ್ಧಾರ ಮಾಡುವಾಗಲೂ ಯಾರಿಗಾದರೂ ಸಲಹೆ ಕೊಡುವಾಗಲೂ, ಏನಾಗುತ್ತದೆಂದು ನಂಬಿದ್ದೇನೆ, ನೂರಕ್ಕೆ ಎಷ್ಟು ಖಚಿತ, ಇದಕ್ಕೆ ತದ್ವಿರುದ್ಧವಾದದ್ದು ಆಗುವುದಾದರೆ ಯಾವ ಕಾರಣಕ್ಕೆ ಆದೀತು ಎಂಬ ಮೂರನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೂರನೆಯದನ್ನು ಬರೆಯುವಾಗ ಪೆನ್ನು ತಡವರಿಸುತ್ತದೆ. ಎಷ್ಟೋ ಸಲ ಎರಡನೆಯ ಸಾಲಿಗೆ ಮರಳಿ ಅಂಕಿಯನ್ನು ಇಳಿಸಬೇಕಾಗುತ್ತದೆ. ಅದೇ ಗೆಳೆಯ ಕಳೆದ ತಿಂಗಳು ಹೊಸದೊಂದು ಯೋಜನೆಯ ಬಗ್ಗೆ ಕೇಳಿದ. ಮೊದಲು 80 ಎಂದು ಬರೆದಿದ್ದೆ. ಈಗ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 55 ಎಂದು ಬರೆದಿದ್ದೇನೆ, ಆ ಪುಟದ ಪ್ರತಿಯನ್ನು ಅವನಿಗೂ ಕೊಟ್ಟಿದ್ದೇನೆ.