ಇಪ್ಪತ್ತರ ನೋಟು

ಇವತ್ತು ತರಕಾರಿ ಅಂಗಡಿಯಲ್ಲಿ 50 ಕೊಟ್ಟಿದ್ದಕ್ಕೆ ಚಿಲ್ಲರೆ ಜೊತೆ ಒಂದು 20 ಡಾಲರ್ ನೋಟು ವಾಪಸ್ ಬಂತು. ಮಡಚಿ ಮಡಚಿ ಮೆತ್ತಗಾಗಿತ್ತು. ಮಡಿಕೆ ಸರಿಯಾಗಿ ನೋಟಿನಲ್ಲಿರೋ ಅಮೆರಿಕದ ಹಳೆಯ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮೂಗಿನ ಮೇಲೆ.

ಮೂಗು ನೋಡಿದ್ದೇ, ಅಧ್ಯಕ್ಷನಾಗೋ ಮೊದಲು ಅವನು ಸೇನಾಪತಿಯಾಗಿ ಗೆದ್ದ ಹಾರ್ಸ್‌ಶೂ ಬೆಂಡ್ ಕದನ ನೆನಪಾಯಿತು.

1814ರ ಮಾರ್ಚ್ 27. ಅಲಬಾಮಾದ ಟಲ್ಲಪೂಸಾ ನದಿಯ ತಿರುವು. ಅಲ್ಲಿನ ಮೂಲನಿವಾಸಿಗಳಾದ ಕ್ರೀಕ್ ಜನರಲ್ಲಿ ಅಮೆರಿಕದ ವಿರುದ್ಧ ನಿಂತಿದ್ದ ರೆಡ್ ಸ್ಟಿಕ್ಸ್ ಬಣದವರು 800ರಷ್ಟು ಮಂದಿ ಒಂದೇ ದಿನ ಸತ್ತರು. ಲೆಕ್ಕ ತಪ್ಪಬಾರದು ಅಂತ ಜಾಕ್ಸನ್ ಕಡೆಯವರು ಒಂದೊಂದು ಹೆಣದ ಮೂಗಿನ ತುದಿ ಕೊಯ್ಯುತ್ತಾ ಎಣಿಸಿದರಂತೆ. ನೆಲದ ಮೇಲೆ ಸಿಕ್ಕಿದ್ದು 557. ಉಳಿದವರು ನದಿ ಪಾಲು.

ಹಿಂದಿನ ವರ್ಷ ಫೋರ್ಟ್ ಮಿಮ್ಸ್ ಕೋಟೆಯಲ್ಲಿ ರೆಡ್ ಸ್ಟಿಕ್ಸ್ ಕೂಡ ಹೆಂಗಸರು, ಮಕ್ಕಳು ಅಂತ ನೋಡದೆ ಕೊಂದಿದ್ದರು, ನಿಜ.

ಆದ್ರೆ ನನ್ನ ಹೊಟ್ಟೆ ಉರಿಸೋದು ಬೇರೆ. ಜಾಕ್ಸನ್ ಪರವಾಗಿ ಕಾದಾಡಿದ ಕ್ರೀಕರೂ ಇದ್ದರಲ್ವಾ? ಅದೇ 1814ರ ಆಗಸ್ಟ್‌ನಲ್ಲಿ ಒಪ್ಪಂದಕ್ಕೆ ಕೂರಿಸಿ 2 ಕೋಟಿ ಎಕರೆಗೂ ಜಾಸ್ತಿ ನೆಲ ಬರೆಸಿಕೊಂಡರು. ಅದರಲ್ಲಿ ಅವರದ್ದೂ ಸೇರಿತ್ತು. ಹೆಗಲಿಗೆ ಹೆಗಲು ಕೊಟ್ಟವರದ್ದು!

ಮನೆಗೆ ಬಂದು ನೋಟನ್ನು ಮೇಜಿನ ಮೇಲಿಟ್ಟೆ. ಸುಮ್ನೆ ಬೆರಳಿನಿಂದ ಆ ಮಡಿಕೆ ತೀಡುತ್ತಾ ಕೂತಿದ್ದೇನೆ.